ಒಳಕೋಣೆಯನ್ನು ನಾವು ಅಳಿಸುವುದಿಲ್ಲ

ಬೀದರ್, ಯಂತ್ರಮನೆ
ಕ್ರಿ.ಶ. 2219, ಜ್ಯೇಷ್ಠದ ನಲವತ್ತೊಂದನೆಯ ದಿನ

ತಾರೀಕು ಓದಿ ನಗಬೇಡಿ. ನಿಮ್ಮ ಕಾಲದಲ್ಲಿ ಜ್ಯೇಷ್ಠಕ್ಕೆ ಮೂವತ್ತೇ ದಿನ ಇದ್ದವೆಂದು ನಾನೂ ಶಾಲೆಯಲ್ಲಿ ಓದಿದ್ದೇನೆ. ಮೊದಲ ಮಳೆ ಬೀಳುವವರೆಗೆ ಆ ತಿಂಗಳನ್ನು ಮುಗಿಸದಿರುವುದು ನಮ್ಮ ಪದ್ಧತಿ. ಮಳೆ ಇನ್ನೂ ಬಿದ್ದಿಲ್ಲ. ಈ ಕಾಗದದಲ್ಲಿ ನಿಮಗೆ ತಿಳಿಯದ ಮಾತುಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ.

ಬರೆಯುತ್ತಿರುವುದು ನಮ್ಮ ಏಳನೆಯ ಯಂತ್ರದಲ್ಲಿ. ಅದರ ಗಡಿಯಾರ ನಡೆಸುವ ಬಿಲ್ಲೆಯಂಥ ಪುಟ್ಟ ಬ್ಯಾಟರಿ ಸತ್ತು ಬಹಳ ವರ್ಷಗಳಾದವು. ಎಬ್ಬಿಸಿದಾಗಲೆಲ್ಲ ಅದು ನಿಮ್ಮ ವರ್ಷದಲ್ಲೇ, ಅಂದರೆ ನೀವು ಅದನ್ನು ಮಾಡಿದ ವರ್ಷದಲ್ಲೇ, ಕಣ್ಣು ತೆರೆಯುತ್ತದೆ, ಅದರಲ್ಲಿ ಬರೆದದ್ದೆಲ್ಲ ನಿಮ್ಮ ತಾರೀಕಿಗೆ ಸೇರುತ್ತದೆ. ಅದು ನಿಮ್ಮನ್ನು ಹೇಗೆ ಮುಟ್ಟುತ್ತದೆಂದು ಕೇಳಬೇಡಿ. ನಾನು ಹತ್ತನೆಯ ಇಯತ್ತೆವರೆಗೆ ಓದಿದವಳು. ಮುಟ್ಟುತ್ತದೆಂದು ನಂಬಿ ಬರೆಯುತ್ತೇನೆ, ಅಷ್ಟೆ.

ನನ್ನ ಹೆಸರು ಸುಗಲಾಬಾಯಿ ಹಲಬರ್ಗೆ. ವಯಸ್ಸು ಎಪ್ಪತ್ತೊಂದು. ಈ ಯಂತ್ರಮನೆ ನಾಲ್ಕು ತಲೆಮಾರಿನಿಂದ ನಮ್ಮ ಮನೆತನದ ಹೆಂಗಸರ ಕೈಯಲ್ಲಿದೆ. ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಗೂ ಹಿರಿಯರು. ಆದರೂ ಈ ಕಾಗದದಲ್ಲಿ ಹಿರಿಯಳು ನಾನೇ. ನೀವು ಮಾಡಿಟ್ಟದ್ದು ಮುಂದೆ ಏನಾಯಿತೆಂದು ಕಂಡವಳು ನಾನು, ನೀವಲ್ಲ.

ನಮ್ಮ ಬದುಕು ಹೇಗೆಂದು ಮೊದಲು ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗದು. ಜ್ಯೇಷ್ಠದಲ್ಲಿ ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ನೆಲದ ಮೇಲೆ ಮನುಷ್ಯ ಇರಲಾಗದು. ಊರಿಗೆ ಊರೇ ಕೆಳಗಿಳಿಯುತ್ತದೆ. ನೆಲದಡಿ ಕೊರೆದ ಆ ದೊಡ್ಡ ಕೋಣೆಗಳಿಗೆ ನೆಲಮನೆ ಎನ್ನುತ್ತೇವೆ. ಒಂದೊಂದರಲ್ಲಿ ಮುನ್ನೂರು ಜನ. ಶಾಲೆ ಅಲ್ಲೇ, ಕ್ಷೌರ ಅಲ್ಲೇ, ಹೆಣ್ಣು ನೋಡುವುದು ಅಲ್ಲೇ. ಒಳಗೆ ಒಲೆ ಹಚ್ಚುವಂತಿಲ್ಲ, ಆದ್ದರಿಂದ ಜೋಳದ ರೊಟ್ಟಿಯನ್ನು ಬೆಳಕು ಹರಿಯುವ ಮೊದಲೇ ಬಡಿದು, ಬಟ್ಟೆಯಲ್ಲಿ ಸುತ್ತಿ, ಶೇಂಗಾ ಹಿಂಡಿಯೊಡನೆ ಒಯ್ಯುತ್ತೇವೆ. ಗಾಳಿಕಿಂಡಿಯ ಕೆಳಗಿನ ಜಾಗಕ್ಕೆ ಜಗಳ ತಪ್ಪಿದ್ದಲ್ಲ. ಬೀಗರು ಬಂದರೆ ಕೇಳುವ ಮೊದಲ ಮಾತೇ, ನಿಮ್ಮ ಮನೆಯವರು ಕೂರುವುದು ಎಷ್ಟನೆಯ ಕಿಂಡಿಯ ಹತ್ತಿರ ಎಂದು. ಗೊರಕೆ ಹೊಡೆಯುವ ಮುದುಕರಿಗೆ ಒಂದು ಮೂಲೆಯನ್ನೇ ಬಿಟ್ಟಿದ್ದೇವೆ. ಅವರು ಅದನ್ನು ಮರ್ಯಾದೆಯೆಂದು ತಿಳಿದಿದ್ದಾರೆ.

ಆ ಕಿಂಡಿಗಳಲ್ಲಿ ಗಾಳಿ ತಾನಾಗಿ ಬರುವುದಿಲ್ಲ. ಹದಿನೆಂಟು ಊರುಗಳ ನೆಲಮನೆಗಳಿಗೆ ಯಾವ ಹೊತ್ತಿನಲ್ಲಿ ಎಷ್ಟು ಗಾಳಿ ಎಂದು ಅಳೆದು ನಡೆಸುವುದು ನಮ್ಮ ಯಂತ್ರಮನೆಯ ಇಪ್ಪತ್ತು ಯಂತ್ರಗಳು. ನೀವು ಸರ್ವರ್ ಎಂದು ಕರೆಯುತ್ತಿದ್ದವೇ ಅವು. ಬೀದರಿನ ಹಳೆಯ ಸುರಂಗಬಾವಿಯೊಳಗೆ, ಹರಿಯುವ ತಣ್ಣೀರಿನ ಪಕ್ಕದಲ್ಲಿ, ಸಾಲಾಗಿ ನಿಲ್ಲಿಸಿದ್ದೇವೆ.

ಯಂತ್ರಕ್ಕೆ ಎರಡು ಬಗೆಯ ತಿಳಿವು. ಕೆಲಸದ ತಿಳಿವು ಆಮೇಲೆ ಬರುತ್ತದೆ. ಅದಕ್ಕೂ ಮೊದಲು, ಕರೆಂಟು ಹರಿದ ಕೂಡಲೇ ತನಗೆ ಫ್ಯಾನು ಎಷ್ಟಿವೆ, ಡಿಸ್ಕು ಎಲ್ಲಿದೆ ಎಂದು ತಡಕಾಡಿ ಅರಿಯುವ ತಿಳಿವು ಒಂದಿದೆ. ಅದಕ್ಕೆ ನಾವು ಹುಟ್ಟುಬುದ್ಧಿ ಎನ್ನುತ್ತೇವೆ, ನೀವು ಫರ್ಮ್‌ವೇರ್ ಎನ್ನುತ್ತಿದ್ದಿರಿ. ಅದನ್ನು ಇಡಲು ಯಂತ್ರದೊಳಗೆ ಎರಡು ಜಾಗಗಳಿವೆ, ಎದುರುಕೋಣೆ ಮತ್ತು ಒಳಕೋಣೆ. ಹೊಸ ಬುದ್ಧಿ ಬಂದರೆ ಎದುರುಕೋಣೆಯಲ್ಲಿ ಬರೆಯುತ್ತೇವೆ. ಒಳಕೋಣೆಯಲ್ಲಿ ಹಳೆಯದೇ ಒಂದು ವರ್ಷ ಇರುತ್ತದೆ. ಹೊಸದು ಮೂರು ಸಲ ಎಡವಿ ಬಿದ್ದರೆ ಯಂತ್ರ ತಾನೇ ಒಳಕೋಣೆಯಿಂದ ಏಳುತ್ತದೆ.

ಬರೆಯುವ ದಿನಕ್ಕೆ ನಮ್ಮಲ್ಲಿ ನೇಮವಿದೆ. ಆ ಯಂತ್ರದ ಹೊರೆಯನ್ನು ಮೊದಲು ಪಕ್ಕದ್ದಕ್ಕೆ ಇಳಿಸಬೇಕು. ಬಂದ ಬುದ್ಧಿ ದಾರಿಯಲ್ಲಿ ಕೆಟ್ಟಿಲ್ಲವೆಂದು ತಿಳಿಯಲು ಅದರ ತಾಳೆಸಂಖ್ಯೆಯನ್ನು ಒಬ್ಬಳು ಎರಡೆರಡು ಅಂಕಿಯಾಗಿ ಓದಬೇಕು, ಇನ್ನೊಬ್ಬಳು ಗುರುತು ಹಾಕಬೇಕು. ಬರೆಯಲು ಹನ್ನೊಂದು ನಿಮಿಷ. ಆ ಹೊತ್ತಿನಲ್ಲಿ ಕರೆಂಟು ಹೋದರೆ ಯಂತ್ರ ಇನ್ನೆಂದೂ ಏಳದೆ ಕಲ್ಲಾಗುತ್ತದೆ, ಅದಕ್ಕಾಗಿ ಯಾರ ಕೈಯೂ ತಾಗದಂತೆ ಒಬ್ಬಳು ಕರೆಂಟಿನ ಗುಂಡಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಆಮೇಲೆ ಫ್ಯಾನುಗಳೆಲ್ಲ ಒಮ್ಮೆಲೇ ಮೊರೆಯುತ್ತವೆ. ಹೊಸ ಸೊಸೆಯಂದಿರು ಹೆದರಿ ಹಿಂದೆ ಸರಿಯುವುದು ಆಗಲೇ. ಯಂತ್ರ ತನ್ನ ಮೈ ತಾನು ನೋಡಿಕೊಳ್ಳುವ ಸದ್ದು ಅದು. ಮೊರೆತ ಇಳಿದು ಗುಂಯ್ ಎಂದರೆ ಎದ್ದಿತು ಎಂದರ್ಥ.

ಇದರ ಜೊತೆ ಇನ್ನೊಂದು ಕಟ್ಟಳೆ ಇದೆ. ಅದು ನನ್ನ ತಪ್ಪಿನಿಂದ ಹುಟ್ಟಿದ್ದು.

ನನಗಾಗ ಇಪ್ಪತ್ತಾರು. ಅತ್ತೆ ಕಾಯಿಲೆ ಬಿದ್ದಿದ್ದರು, ಕೀಲಿಕೈ ನನ್ನ ಸೊಂಟಕ್ಕೆ ಬಂದಿತ್ತು. ಹೊಸ ಬುದ್ಧಿಯನ್ನು ಒಂದೇ ವಾರದಲ್ಲಿ ಹಾಕಿ ಮುಗಿಸಿದ ಯಂತ್ರಮನೆಗೆ ಹೆಸರು ಬರುತ್ತದೆಂದು ಸುದ್ದಿಯಿತ್ತು. ನಾನು ಎರಡು ದಿನದಲ್ಲಿ ಮುಗಿಸಿದೆ, ಎರಡೂ ಕೋಣೆಗಳಲ್ಲಿ. ಒಂದು ಯಂತ್ರದ ಮುಚ್ಚಳದ ಸ್ಕ್ರೂ ತುಕ್ಕು ಹಿಡಿದು ಬಿಚ್ಚಲಾಗಲಿಲ್ಲವೆಂದು ಅದೊಂದು ಉಳಿಯಿತು. ಮೂರನೆಯ ದಿನ ಮಧ್ಯಾಹ್ನ ಹೊಸ ಬುದ್ಧಿ ಹನ್ನೆರಡು ಯಂತ್ರಗಳನ್ನು ಒಟ್ಟಿಗೆ ಮಲಗಿಸಿತು. ಮರಳಿ ಹೋಗಲು ಒಳಕೋಣೆಯಲ್ಲಿ ಹಳೆಯದಿರಲಿಲ್ಲ. ಹನ್ನೆರಡರ ಹೊರೆಯನ್ನು ಪೂರ್ತಿ ಎತ್ತಿಕೊಳ್ಳಲು ಪಕ್ಕದ ಯಂತ್ರಮನೆಗೂ ಆಗಲಿಲ್ಲ. ತುಕ್ಕು ಹಿಡಿದದ್ದನ್ನು ಒಡೆದು, ಅದರ ಬುದ್ಧಿಯನ್ನು ನಕಲು ಮಾಡಿ, ಒಂದೊಂದನ್ನೇ ಎಬ್ಬಿಸುವಷ್ಟರಲ್ಲಿ ನಾಲ್ಕು ತಾಸು ಕಳೆದವು. ಒಂದು ನೆಲಮನೆಯವರು ಉಸಿರು ಕಟ್ಟಿ ಮಧ್ಯಾಹ್ನ ಒಂದು ಗಂಟೆಯ ಬಿಸಿಲಿಗೆ ಹೊರಬಂದರು. ಹನ್ನೊಂದು ಜನ ಸತ್ತರು. ಅವರಲ್ಲಿ ಒಬ್ಬರು ನನಗೆ ಹತ್ತನೆಯ ಇಯತ್ತೆವರೆಗೆ ಕಲಿಸಿದ ರೇವಪ್ಪ ಮಾಸ್ತರರು. ಮಕ್ಕಳನ್ನು ಎಣಿಸಿ ನೆರಳಿಗೆ ಕಳಿಸಿ ಕೊನೆಯಲ್ಲಿ ಹೊರಟವರು, ನೆರಳು ಮುಟ್ಟಲಿಲ್ಲ.

ನಾನು ಅತ್ತು ತೋರಿಸುವವಳಲ್ಲ. ಹಾಸಿಗೆಯಲ್ಲಿದ್ದ ಅತ್ತೆ ಎದ್ದು ಕೂತು ಅಂದೇ ಕಟ್ಟಳೆ ಮಾಡಿದರು. ಯಾರು ಹೊಸ ಬುದ್ಧಿ ಹಾಕೆಂದು ಹೇಳುತ್ತಾರೋ ಅವರು, ಅದು ಬರೆದು ಏಳುವ ಹೊತ್ತಿನಲ್ಲಿ, ಆ ಯಂತ್ರದ ಗಾಳಿ ಹೋಗುವ ನೆಲಮನೆಯಲ್ಲೇ ಕೂರಬೇಕು. ಊರವರು ಅಂದು ಬೇರೆ ನೆಲಮನೆಗೆ ಹೋಗುತ್ತಾರೆ, ಹೇಳಿದವರು ಮಾತ್ರ ಇಲ್ಲಿ. ಆ ಒಂದು ನೆಲಮನೆಯ ಹೊರೆಯನ್ನು ಮಾತ್ರ ಅಂದು ಬೇರೆ ಯಾವ ಯಂತ್ರಕ್ಕೂ ಇಳಿಸುವಂತಿಲ್ಲ. ನಲವತ್ತೈದು ವರ್ಷಗಳಲ್ಲಿ ನಾನು ಮೂವತ್ತೆರಡು ಸಲ ಕೂತಿದ್ದೇನೆ.

ಈಗ ನಿನ್ನೆಯ ಸಂಗತಿ. ಎಲ್ಲ ಯಂತ್ರಮನೆಗಳ ಮೇಲೂ ಮಹಾಮಂಡಲಿ ಎಂಬುದೊಂದಿದೆ. ಅದರಿಂದ ಜಯತೀರ್ಥ ಎಂಬ ಅಧಿಕಾರಿ ಬಂದರು, ತೆಂಕಣ ಕಡೆಯವರು, ಮಾತು ಮೆತ್ತಗೆ. ತಂದ ಆದೇಶ ಮೆತ್ತಗಿರಲಿಲ್ಲ. ಹೊಸ ಬುದ್ಧಿಯನ್ನು ಎರಡೂ ಕೋಣೆಗಳಲ್ಲಿ ಬರೆಯಬೇಕು, ಬರೆದ ಮೇಲೆ ತಂತಿ ಸುಡಬೇಕು. ಯಂತ್ರದ ಚಿಪ್‌ನೊಳಗೆ ಕೂದಲಿಗಿಂತ ತೆಳ್ಳನೆಯ ತಂತಿಯೊಂದಿರುತ್ತದೆ. ಅದನ್ನು ಸುಟ್ಟರೆ ಆ ಯಂತ್ರ ಹಳೆಯ ಬುದ್ಧಿಯನ್ನು ಇನ್ನೆಂದೂ ಒಪ್ಪುವುದಿಲ್ಲ. ಒಲ್ಲೆ ಎಂದವರನ್ನು ಸಾಲಿನಿಂದ ಕತ್ತರಿಸುತ್ತಾರೆ. ಸಾಲಿನಲ್ಲಿದ್ದರೆ, ನಮ್ಮ ಯಂತ್ರ ಬಿದ್ದಾಗ ಪಕ್ಕದ ಯಂತ್ರಮನೆ ನಮ್ಮ ಹೊರೆ ಎತ್ತಿಕೊಳ್ಳುತ್ತದೆ. ಕತ್ತರಿಸಿದರೆ ನಾವು ಒಂಟಿ.

"ಅಮ್ಮಾ, ಹಳೇ ಬುದ್ಧಿ ಒಳಗಿದ್ರೆ ಕಳ್ಳರು ಅದನ್ನೇ ಎಬ್ಬಿಸಿ ನುಗ್ಗುತ್ತಾರೆ. ಎರಡು ಕಡೆ ಆಗಲೇ ಹಾಗೆ ಆಗಿದೆ" ಎಂದರು.

ಅದು ಸುಳ್ಳಲ್ಲ. ನಾನು ಹಾಗೆಂದು ಒಪ್ಪಿದೆ. "ಹೌದ್ರಿ ಸಾಹೇಬ್ರ, ನುಗ್ತಾರ. ಅದಕ್ಕಂತನ ಒಳಕೋಣಿಗಿ ಕೀಲಿ ಹಾಕೀವಿ. ಕಳ್ಳ ಬರ್ತಾನಂತ ಹಿತ್ತಲ ಬಾಗಲಕ್ಕ ಗೋಡಿ ಕಟ್ಟಿ, ಬೆಂಕಿ ಬಿದ್ರ ಎಲ್ಲಿಂದ ಓಡ್ಲಿ?"

"ನೀವು ಸಹಿ ಹಾಕಿದ್ರೆ ಸಾಕು. ಜವಾಬ್ದಾರಿ ಮಂಡಲಿಯದು."

ಸೊಸೆ ವಚನಾ ಪಕ್ಕದಲ್ಲಿ ನಿಂತಿದ್ದಳು. ಅವಳ ಬಾಯಿಗೆ ಕೀಲಿ ಇಲ್ಲ. "ಮಂಡಲಿಗಿ ಮೂಗು ಅದ ಏನ್ರಿ, ಗಾಳಿ ನಿಂತ್ರ ಗೊತ್ತಾಗ್ಲಿಕ್ಕಿ?" ಎಂದಳು. ನಾನು ಗದರಲಿಲ್ಲ.

ಕಟ್ಟಳೆ ಹೇಳಿದೆ. ಒಂದು ಯಂತ್ರದ ಎದುರುಕೋಣೆಯಲ್ಲಿ ಮಾತ್ರ ಬರೆಯುತ್ತೇವೆ, ಹಾಕೆಂದು ಹೇಳಿದವರು ನೀವು, ನೀವು ಕೆಳಗೆ ಕೂರಬೇಕು. ಹೊಸದು ಸರಿಯಾಗಿ ಎದ್ದು ನಿಂತರೆ ಇಪ್ಪತ್ತೂ ಯಂತ್ರಗಳ ತಂತಿಯನ್ನು ನನ್ನ ಕೈಯಾರೆ ಸುಡುತ್ತೇನೆ. ಹಿಂಜರಿಯುತ್ತಾರೆಂದು ತಿಳಿದಿದ್ದೆ. ಅವರು ಚಪ್ಪಲಿ ಬಿಟ್ಟು ಇಳಿದೇಬಿಟ್ಟರು. ಆ ಮಟ್ಟಿಗೆ ಅವರನ್ನು ಮೆಚ್ಚುತ್ತೇನೆ. ಒಂಟಿಯಾಗಿ ಬೇಡವೆಂದು ವಚನಾಳನ್ನೂ ಕಳಿಸಿದೆ. ಮಧ್ಯಾಹ್ನ ಹನ್ನೆರಡೂವರೆ, ಮೇಲೆ ಐವತ್ತೆರಡು ಡಿಗ್ರಿ.

ಹನ್ನೊಂದು ನಿಮಿಷಕ್ಕೆ ಬರೆದು ಮುಗಿಯಿತು. ಫ್ಯಾನು ಮೊರೆಯಿತು. ಆಮೇಲೆ ಸದ್ದು ಇಳಿಯಲಿಲ್ಲ, ನಿಂತೇ ಹೋಯಿತು. ಕಾರಣ ಪರದೆಯ ಮೇಲೆ ಬಂತು. ಹೊಸ ಬುದ್ಧಿ ಪ್ರತಿ ಫ್ಯಾನಿಗೂ ಕಂಪನಿಯ ಗುರುತು ಕೇಳುತ್ತದೆ. ಆ ಫ್ಯಾನುಗಳನ್ನು ಮಾಡುವುದು ನಿಂತು ಎಂಬತ್ತು ವರ್ಷ. ನಮ್ಮವಕ್ಕೆ ನಮ್ಮ ಊರಿನಲ್ಲೇ ತಂತಿ ಸುತ್ತಿದ್ದೇವೆ, ಗುರುತಿಲ್ಲ. ಗುರುತಿಲ್ಲದ ಫ್ಯಾನು ಇಲ್ಲವೇ ಇಲ್ಲವೆಂದು ಅದು ತಿಳಿಯಿತು. ಫ್ಯಾನಿಲ್ಲದೆ ಮೈ ಸುಟ್ಟೀತೆಂದು ತಾನೇ ಮಲಗಿತು.

ಕೆಳಗಿನ ಮಾತು ನನಗೆ ನೆಲಮನೆಗೆ ಎಳೆದ ಫೋನಿನ ತಂತಿಯಲ್ಲಿ ಕೇಳುತ್ತಿತ್ತು.

"ಏನಾಯ್ತು? ಗಾಳಿ ಬರ್ತಿಲ್ಲ."

"ನಿಂತದ್ರಿ."

"ಮತ್ತೆ ಬರುತ್ತೆ ಅಲ್ವಾ?"

"ಮೂರ್ ಸಲ ಬೀಳ್ಬೇಕ್ರಿ. ಆಮ್ಯಾಲ ಹಳೇದು ಏಳ್ತದ. ಅಂಗಿ ಗುಂಡಿ ಬಿಚ್ಚ್ರಿ, ನಾಚಬ್ಯಾಡ್ರಿ, ನಾ ನಿಮ್ಮ ಅಕ್ಕನಂಗ ಇದ್ದೀನಿ."

ಆಮೇಲೆ ಅಧಿಕಾರಿಯ ದನಿ, "ಇಲ್ಲಿ ಮುನ್ನೂರು ಜನ ಕೂತಿರ್ತಾರಾ?"

"ಮುನ್ನೂರಾ ಹದಿನೆಂಟ್ರಿ. ನೀವು ಕೂತದ್ದು ನನ್ನ ಮಗಳ ಜಾಗ."

ಎರಡನೆಯ ಸಲ ಬಿತ್ತು, ಮೂರನೆಯ ಸಲ ಬಿತ್ತು. ಗಾಳಿ ನಿಂತ ಹತ್ತೊಂಬತ್ತನೆಯ ನಿಮಿಷಕ್ಕೆ ಒಳಕೋಣೆಯ ಹಳೆಯ ಬುದ್ಧಿ ಕಣ್ಣು ತೆರೆಯಿತು, ಕಿಂಡಿಯಲ್ಲಿ ಗಾಳಿ ಬಂತು. ತಂತಿ ಸುಟ್ಟಿದ್ದರೆ ಬರುತ್ತಿರಲಿಲ್ಲ.

ಅವರು ಮೇಲೆ ಬಂದು ಎರಡು ತಂಬಿಗೆ ನೀರು ಕುಡಿದರು. "ಈಗ ಹೇಳ್ರಿ, ಸುಡ್ಲ್ಯಾ?" ಎಂದು ಕೇಳಿದೆ.

"ಬೇಡಮ್ಮ" ಎಂದರು. "ಆದ್ರೆ ನಾನು ಬೇಡ ಅಂದ್ರೆ ಅಲ್ಲಿ ಕೇಳೋರಿಲ್ಲ. ನೀವು ನಿರಾಕರಿಸಿದ್ರಿ ಅಂತಲೇ ಬರೀಬೇಕು."

"ಬರೀರಿ. ಹೆಸರು ಮಾತ್ರ ತಪ್ಪಬ್ಯಾಡ್ರಿ. ಸುಗಲಾಬಾಯಿ."

ಅವರು ಬರೆದರು, ತಪ್ಪಿಲ್ಲದೆ. ನಾನು ಕೆಳಗೆ ಸಹಿ ಹಾಕಿದೆ. ಇಂದು ಸೂರ್ಯ ಮುಳುಗುವ ಹೊತ್ತಿಗೆ ನಮ್ಮ ಸಾಲು ಕತ್ತರಿಸಿದರು. ಗೋಡೆಯ ಮೇಲಿನ ಹಸಿರು ದೀಪ ಕೆಂಪಾಯಿತು, ಸೊಸೆಯಂದಿರೆಲ್ಲ ನನ್ನ ಮುಖ ನೋಡಿದರು. ನಾನು ಊಟಕ್ಕೆ ಬಡಿಸಿ ಎಂದೆ.

ಇದನ್ನು ನಿಮಗೇಕೆ ಬರೆಯುತ್ತಿದ್ದೇನೆಂದರೆ, ಆ ತಂತಿಯನ್ನು ಮೊದಲು ಇಟ್ಟವರು ನೀವು. ನಿಮ್ಮಲ್ಲಿ ಯಾರೋ ಒಬ್ಬರು ಈ ದಿನ ಎಲ್ಲೋ ತಣ್ಣಗಿನ ಕೋಣೆಯಲ್ಲಿ ಕೂತು ಅದರ ನಕ್ಷೆ ಬರೆಯುತ್ತಿದ್ದೀರಿ. ನಿಮ್ಮ ಉದ್ದೇಶ ಕೆಟ್ಟದ್ದಲ್ಲವೆಂದು ಬಲ್ಲೆ. ಕಳ್ಳರನ್ನು ತಡೆಯಲೆಂದೇ ಇಡುತ್ತೀರಿ. ಆದರೆ ನೀವು ಮಾಡುವ ಯಂತ್ರ ಯಾರ ಕೈಯಲ್ಲಿ ಎಷ್ಟು ವರ್ಷ ಬದುಕುತ್ತದೆಂದು ನಿಮಗೆ ಗೊತ್ತಿಲ್ಲ, ಅದರ ಫ್ಯಾನಿಗೆ ಯಾರು ತಂತಿ ಸುತ್ತುತ್ತಾರೆಂದೂ ಗೊತ್ತಿಲ್ಲ. ಕೀಲಿ ಎಷ್ಟು ಬೇಕಾದರೂ ಇಡಿ, ಕೀಲಿಕೈ ಯಂತ್ರ ಇಟ್ಟುಕೊಂಡವರ ಕೈಯಲ್ಲಿರಲಿ. ಸುಟ್ಟರೆ ಮರಳಿ ಬಾರದ್ದನ್ನು ಒಳಗೆ ಇಡಬೇಡಿ. ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ನೀವು ಇಟ್ಟರೂ ನಾವು ಸುಡುವುದಿಲ್ಲ.

ನಾಳೆ ಹತ್ತು ಗಂಟೆಗೆ ಹದಿನೆಂಟು ಊರಿನ ಜನ ಕೆಳಗಿಳಿಯುತ್ತಾರೆ. ನಮ್ಮ ಯಂತ್ರ ಬಿದ್ದರೆ ಎತ್ತಿಕೊಳ್ಳುವವರಿಲ್ಲದ ಮೊದಲ ದಿನ ಅದು. ಕೀಲಿಕೈಯನ್ನು ಇಂದೇ ವಚನಾಳಿಗೆ ಕೊಟ್ಟಿದ್ದೇನೆ. ಬೆಳಗ್ಗೆ ಬೇಗ ಎದ್ದು ರೊಟ್ಟಿ ಬಡಿದು ನಾನೂ ಕೆಳಗಿಳಿಯುತ್ತೇನೆ. ಈ ಸಲ ಒಲ್ಲೆ ಎಂದು ಹೇಳಿದವಳು ನಾನು.

ಸುಗಲಾಬಾಯಿ ಹಲಬರ್ಗೆ