ಕೀಲಿಕೈಗೆ ಕಟ್ಟಿದ ಹೆಸರು

ರೀ,

ನಾನು ಡ್ಯೂಟಿಗೆ ಹೊರಟೆ. ಮಗಳು ಪಕ್ಕದ ಮನೆ ಅಜ್ಜಿಯ ಹತ್ತಿರ ಇದ್ದಾಳೆ. ಅವಳನ್ನು ಕರೆತರುವ ಮೊದಲೇ ಈ ಕೆಲಸ ಮುಗಿಸಿ.

ಮಾವನವರ ಬಂದೂಕನ್ನು ಬೀರುವಿನಿಂದ ತೆಗೆಯಿರಿ. ಒಳಗೆ ತೋಟಾ ಇಲ್ಲವೆಂದು ನೋಡಿ, ಇನ್ನೊಂದು ಸಲ ನೋಡಿ. ನಳಿಕೆಯನ್ನು ಮಡಚಿ ತೆರೆದ ಹಾಗೇ ಇಟ್ಟು, ಮೇಜಿನ ಮೇಲಿರುವ ನಂಬರಿನ ಸೈಕಲ್ ಲಾಕಿನ ತಂತಿಯನ್ನು ಅದರೊಳಗೆ ತೂರಿಸಿ ಬೀಗ ಹಾಕಿ. ಆಮೇಲೆ ಅದು ಮುಚ್ಚುವುದೇ ಇಲ್ಲ, ಗುಂಡು ಹಾರುವುದೂ ಇಲ್ಲ. ಅಷ್ಟು ಸಾಕು. ದೊಡ್ಡ ಕಬ್ಬಿಣದ ಕಪಾಟು ತಂದು ಬೀದಿಗೆಲ್ಲ ಡಂಗುರ ಸಾರುವುದು ಬೇಡ. ದಿವಾನಿನ ಪೆಟ್ಟಿಗೆಯಲ್ಲಿ ಕಂಬಳಿಗಳ ಅಡಿಗೆ ಇಡಿ.

ತೋಟಾಗಳು ಬೇರೆ ಕಡೆ, ಅಟ್ಟದ ಮೇಲಿನ ಟೂಲ್ ಬಾಕ್ಸಿನಲ್ಲಿ. ಅದಕ್ಕೂ ನಂಬರ್ ಬೀಗವನ್ನೇ ತಂದಿದ್ದೇನೆ. ಮಗಳು ಹುಟ್ಟಿದ ತಾರೀಖು ಇಡಬೇಡಿ. ನಂಬರನ್ನು ಎಲ್ಲೂ ಬರೆಯಬೇಡಿ.

ಬರೆಯಬೇಡಿ ಎಂದರೆ ನಿಮಗೆ ಕಷ್ಟ, ಗೊತ್ತು. ಕಾರ್ಖಾನೆಯ ಸ್ಟೋರಿನಲ್ಲಿ ಒಂದೊಂದು ನಟ್ಟಿಗೂ ಹೆಸರು ಅಂಟಿಸುವವರು. ಮನೆಯಲ್ಲಿ ಉಪ್ಪಿನ ಡಬ್ಬಿಗೂ ಅಂಟಿಸಿದಿರಿ, ನಕ್ಕು ಸುಮ್ಮನಾದೆ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಬೀರುವಿನ ಕೀಲಿಕೈಗೂ ಒಂದು ಚೀಟಿ ಕಟ್ಟಿದ್ದೀರಲ್ಲ, ನಿಮ್ಮ ದುಂಡು ಅಕ್ಷರದಲ್ಲಿ?

ಊಟ ಒಲೆಯ ಪಕ್ಕದಲ್ಲಿದೆ, ಬಿಸಿ ಮಾಡಿಕೊಳ್ಳಿ.

ನಿನ್ನೆ ಮಗಳು ಸ್ಟೂಲ್ ಹತ್ತಿ ಆ ಕೀಲಿಕೈ ತಂದು ನನ್ನ ಮಡಿಲಿಗೆ ಹಾಕಿದಳು. "ಅಮ್ಮಾ, ನಾನೇ ಓದ್ದೆ ನೋಡು. ಬಂ, ದೂ, ಕು!" ಶಾಲೆಗೆ ಸೇರಿದ ಮೇಲೆ ಯಾರೂ ಹೇಳಿಕೊಡದೆ ಅವಳು ಓದಿದ ಮೊದಲ ಪದ.

ನಾನು ಚಪ್ಪಾಳೆ ತಟ್ಟಿಬಿಟ್ಟೆ.