ಕ್ಯಾಸೆಟ್ ಹಾಕದೆ ಹೇಳಿದ ಅರ್ಥ

ಕದಿರಾ,

ನಿನ್ನ ರಾಕ್ ಹಾಡುಗಳ ಕ್ಯಾಸೆಟ್ಟನ್ನು ಪೂರ್ತಿ ಕೇಳಿಸುತ್ತೇವೆ ಅಂದಿದ್ದರು, ಒಂದು ಹಾಡೂ ಕೇಳಿಸಲಿಲ್ಲ. ನಿಮ್ಮಮ್ಮನಿಗೆ ವೇದಿಕೆಯ ಮೇಲೆ ಕುರ್ಚಿ ಅಂದಿದ್ದರು, ಕೊನೆಯ ಬೆಂಚು ತೋರಿಸಿದರು.

ನಿನ್ನೆ ಬಂಗಾರಪೇಟೆಯಲ್ಲಿ ನಿನ್ನ ಹಾಡುಗಳ ಬಗ್ಗೆ ನಡೆದ ವಿಚಾರ ಸಂಕಿರಣದ ಮಾತಿದು. ನಿನ್ನ ಮೊದಲ ಹಾಡಿನಲ್ಲಿ ಪಾತ್ರೆ ಬೀಳುವ ಸದ್ದು ಆಧುನಿಕ ಮನುಷ್ಯನ ಒಂಟಿತನವಂತೆ! ಪ್ರೊಫೆಸರ್ ಮಹಾಶಯ ಅದನ್ನೇ ಅರ್ಧ ದಿನ ಅಗಿದ. ಚಿನ್ನದ ಗಣಿಯೊಳಗೆ ಬಂಡೆ ಸಿಡಿದರೆ ನಮ್ಮ ಊರಿಗಾಂನ ಮನೆಗಳಲ್ಲಿ ಪಾತ್ರೆ ಉರುಳುತ್ತವೆ, ಒಳಗಿಳಿದವರು ಬದುಕಿದ್ದಾರೋ ಎಂದು ಹೆಂಗಸರು ಗಣಿಬಾಯಿಗೆ ಓಡುತ್ತಾರೆ. ನೀನು ಹಾಡಿನಲ್ಲಿಟ್ಟದ್ದು ಅದನ್ನು. ಆ ಗಣಿಯಲ್ಲೇ ನೀನು ಸತ್ತ ದಿನವೂ ಅವರು ಹಾಗೆಯೇ ಓಡಿದ್ದರು.

ಪ್ರೊಫೆಸರನ ಮಾತಿನ ನಡುವೆ ಸಭೆಯ ಹಿಂದೆ ಯಾರದೋ ಕೈ ತಾಗಿ ಟೀ ಲೋಟಗಳ ತಟ್ಟೆ ಉರುಳಿಬಿತ್ತು. ನಮ್ಮ ಗಣಿ ಲೈನಿನ ಮನೆಗಳ ಹೆಂಗಸರೆಲ್ಲ ಎದ್ದು ಬಾಗಿಲಿಗೆ ಓಡಿದರು. ವಿದ್ವಾಂಸರು ನಕ್ಕರು.

ನಿಮ್ಮಮ್ಮ ಬಾಗಿಲಿಂದ ತಿರುಗಿ ನೇರ ವೇದಿಕೆ ಹತ್ತಿದಳು. "ನಗಪ್ಪಾ, ನಗು. ನಾನು ಬಂದಿದ್ದು ನನ್ ಮಗನ್ ದನಿ ಕೇಳಾಕೆ, ನಿಂದಲ್ಲ. ಕೊಡಿಲ್ಲಿ ಆ ಕ್ಯಾಸೆಟ್ಟು."

ಪ್ರೊಫೆಸರ್ ಕ್ಯಾಸೆಟ್ಟನ್ನು ಎತ್ತಿ ಕೊಟ್ಟ.

ಇನ್ನು ಅರ್ಥ ಹೇಳುವವರು ಯಾರೂ ಬೇಡ, ನಾವೇ ಕೂತು ಕೇಳುತ್ತೇವೆ. ನೀನಿದ್ದಾಗ ಹಾಡು ಕೇಳಲು ಕರೆದರೂ ಬರದಿದ್ದ ನಾನೂ ಈ ಸಲ ಬರುತ್ತೇನೆ ಕಣೋ. ನಿಮ್ಮ ಮನೆಯ ಮುಂದೆ, ಭಾನುವಾರ, ಸಂಜೆ ನಾಲ್ಕಕ್ಕೆ.