ಜೇಬಿನಲ್ಲಿದ್ದ ಮರಿಗಿಡ

ಹೋಟೆಲ್ ಕೋಣೆ, ಎರಡನೇ ಮಹಡಿ
೧೨ ಫೆಬ್ರವರಿ, ಬುಧವಾರ ಬೆಳಿಗ್ಗೆ

ಪ್ರೀತಿಯ ಮನೆಯೊಡತಿಗೆ,

ಹೇಗಿದ್ದೀಯ? ಬಿ.ಪಿ. ಮಾತ್ರೆ ಮರೆಯದೆ ತೆಗೆದುಕೊಳ್ಳುತ್ತಿದ್ದೀಯ ತಾನೇ? ಒಬ್ಬಳಿಗಾಗಿ ಯಾರು ಒಲೆ ಹಚ್ಚುತ್ತಾರೆ ಎಂದು ಬ್ರೆಡ್ಡಿನಲ್ಲೇ ಹೊತ್ತು ಕಳೆಯಬೇಡ. ಬಾಲ್ಕನಿಯ ಕುಂಡಗಳಿಗೆ ನೀರು ಹಾಕುವಾಗ ತುಂಬಿದ ಬಕೆಟ್ ಎತ್ತುವ ಸಾಹಸ ಬೇಡ, ಚೊಂಬಿನಲ್ಲಿ ಹಾಕು. ನಾನು ಆರೋಗ್ಯವಾಗಿದ್ದೇನೆ. ಇಲ್ಲಿನ ಸೆಕೆಗೆ ಕೆಮ್ಮು ತಾನಾಗಿ ಹೆದರಿ ಓಡಿಹೋಗಿದೆ. ಮಗ ಚೆನ್ನಾಗಿದ್ದಾನೆ. ಸೊಸೆಯ ವಿಷಯ ಹೇಳುವುದಕ್ಕೇ ಈ ಕಾಗದ.

ದಿನವೂ ಫೋನಿನಲ್ಲಿ ಮಾತಾಡುವವರಿಗೆ ಕಾಗದ ಬರೆಯುವ ಹುಚ್ಚೇಕೆ ಹಿಡಿಯಿತು ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಮಾತು ತಿರುಗಿಸಿಬಿಡುತ್ತೇನೆ ಕಣೇ. ನಿನ್ನೆ ಸಂಜೆಯೂ ಹಾಗೇ ಆಯಿತು. "ಏನ್ರೀ, ದನಿ ಯಾಕೆ ಹಾಗಿದೆ?" ಎಂದೆ ನೀನು. "ಐಸ್‌ಕ್ರೀಮ್ ತಿಂದೆ, ಗಂಟಲು ಕಟ್ಟಿದೆ" ಎಂದೆ ನಾನು. ಐಸ್‌ಕ್ರೀಮೂ ಇಲ್ಲ, ಗಂಟಲೂ ಕಟ್ಟಿರಲಿಲ್ಲ. ಕಾಗದದ ಮೇಲಾದರೆ ನೀನು ನಡುವೆ ಬಾಯಿ ಹಾಕಲಾರೆ, ನಾನೂ ನುಣುಚಿಕೊಳ್ಳಲಾರೆ.

ಮೊದಲು ತೋಟದ ಬಗ್ಗೆ ಬರೆಯುತ್ತೇನೆ, ಇಲ್ಲದಿದ್ದರೆ ನಿನಗೆ ಸಮಾಧಾನವಾಗುವುದಿಲ್ಲ. ನೀನು ಬಂದಿದ್ದರೆ ಎರಡು ದಿನ ಹೊರಗೇ ಬರುತ್ತಿರಲಿಲ್ಲ. ಗೇಟು ದಾಟಿದರೆ ತಾಳೆ ಮರಗಳ ಸಾಲು, ಕಾಂಡಗಳು ನುಣ್ಣಗೆ ಗಾರೆ ಮಾಡಿದ ಕಂಬಗಳ ಹಾಗಿವೆ. ಅದರಾಚೆ ಒಂದು ಕೊಳ. ಅದರಲ್ಲಿ ತೇಲುವ ಎಲೆಗಳು ಎಷ್ಟು ದೊಡ್ಡವೆಂದರೆ, ನಮ್ಮ ಊಟದ ಮೇಜಿನ ಮೇಲೆ ಒಂದನ್ನು ಹಾಸಿದರೆ ಮೇಜೇ ಕಾಣಿಸುವುದಿಲ್ಲ. ಅಂಚುಗಳು ತಟ್ಟೆಯ ಹಾಗೆ ಮೇಲಕ್ಕೆ ಮಡಚಿಕೊಂಡಿವೆ, ಅಡಿಯಲ್ಲಿ ಮುಳ್ಳು. ಕೊಂಬೆಯ ಗೊಡವೆಯೇ ಬೇಡವೆಂದು ಬುಡದಿಂದಲೇ ಹಣ್ಣು ಬಿಟ್ಟ ಒಂದು ಮರವಿದೆ. ಅದರ ಮುಂದೆ ನಿಂತು, ನಿನಗೆ ತೋರಿಸುವುದಾಗಲಿಲ್ಲವಲ್ಲ ಎಂದು ನಿಜವಾಗಿಯೂ ಬೇಸರವಾಯಿತು. "ಸೊಸೆ ಜೊತೆ ಎಂಟು ದಿನ ಒಂದೇ ಸೂರಿನಡಿ ಇರೋಕೆ ನನ್ನಿಂದಾಗಲ್ಲ" ಎಂದು ನೀನು ಹಟ ಹಿಡಿದು ಉಳಿದೆ. ನಾನೂ ಒತ್ತಾಯ ಮಾಡಲಿಲ್ಲ.

ಈ ಊರನ್ನೇ ಆರಿಸಿದ್ದು ಸೊಸೆಯ ಕೆಲಸಕ್ಕಾಗಿ ಎಂಬುದು ನಿನಗೆ ಗೊತ್ತು. ಅವಳು ಚಿತ್ರ ಬರೆಯುತ್ತಿರುವ ಹೂಗಳ ಪುಸ್ತಕ ಮುಗಿಯಲು ಒಂದೇ ಒಂದು ಚಿತ್ರ ಬಾಕಿಯಿತ್ತು. ಆ ಹೂವು ಈ ತೋಟದ ಗಾಜಿನ ಮನೆಯಲ್ಲಿದೆ, ಅರಳಿದರೆ ನಾಲ್ಕೈದು ದಿನ ಇರುತ್ತದೆ ಅಷ್ಟೆ. ಒಳಕೋಣೆಯಲ್ಲಿ ಕೂತು ಬರೆಯಲು ಪುಸ್ತಕದವರು ಎಷ್ಟೋ ಓಡಾಡಿ ಅನುಮತಿ ಕೊಡಿಸಿದ್ದರು. ನಾವಿಬ್ಬರೂ ಈ ಕೆಲಸವನ್ನು ಏನೆಂದು ಕರೆಯುತ್ತಿದ್ದೆವು? "ಎಲೆ ಗೀಚೋದು." ನಿನ್ನ ತಂಗಿ ಮನೆಗೆ ಬಂದಾಗ, ಸೊಸೆ ಪಕ್ಕದ ಕೋಣೆಯಲ್ಲಿ ಇರುವಾಗಲೇ, "ಕೆಲಸ ಅಂದ್ರೆ ಏನಂದ್ಕೊಂಡಿದೀಯ, ಒಂದು ಎಲೆ ಬರೆಯೋಕೆ ಮೂರು ದಿನ ಬೇಕು, ಅಷ್ಟರಲ್ಲಿ ಅನ್ನ ಸೀದಿರುತ್ತೆ" ಎಂದವನು ನಾನೇ. ನೀವಿಬ್ಬರೂ ನಕ್ಕಿರಿ. ನನಗೂ ಏನೋ ಗೆದ್ದ ಹಾಗಾಗಿತ್ತು.

ನಿನ್ನೆ ಬೆಳಿಗ್ಗೆ ಮಗನಿಗೆ ಆಫೀಸಿನಿಂದ ಒಂದರ ಮೇಲೊಂದು ಫೋನು. ಅವನು ಹೊರಗಿನ ಬೆಂಚಿನಲ್ಲೇ ಕೂತ. ನಾನು ಒಬ್ಬನೇ ಬಿಸಿಲಲ್ಲಿ ಅಲೆಯಬಾರದೆಂದು ಸೊಸೆ ನನ್ನನ್ನೂ ಒಳಗೆ ಕರೆದುಕೊಂಡು ಹೋದಳು. ಗಾಜಿನ ಮನೆ ನೋಡಿಕೊಳ್ಳುವ ಮೇಡಂ ಹುಬ್ಬು ಗಂಟಿಕ್ಕಿದರು. "ಇವರು ನಮ್ಮ ಮಾವ. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ರು. ನಿಯಮ ಅಂದ್ರೆ ನಮಗಿಂತ ಅವರಿಗೇ ಜಾಸ್ತಿ ಗೊತ್ತು" ಎಂದು ಅವಳು ನಗುತ್ತಾ ಹೇಳಿದ ಮೇಲೆಯೇ ಬಿಟ್ಟಿದ್ದು. ಒಳಗೆ ಹೋದದ್ದೇ ತಡ ಕನ್ನಡಕ ಹಬೆ ಹಿಡಿಯಿತು. ಮೇಲಿನ ಕೊಳವೆಗಳಿಂದ ಆಗಾಗ ಮಂಜಿನ ಹಾಗೆ ನೀರು ಉದುರುತ್ತದೆ. ಗೋಡೆಯ ಉದ್ದಕ್ಕೂ ಮರದ ತುಂಡುಗಳಿಗೆ ಕಟ್ಟಿದ ಆರ್ಕಿಡ್‌ಗಳು, ಬೇರುಗಳು ಗಾಳಿಯಲ್ಲೇ ತೂಗಾಡುತ್ತವೆ. ಸೊಸೆ ಸ್ಟೂಲಿನ ಮೇಲೆ ಕೂತು ಕಾಂಡ, ಎಲೆ ಎಲ್ಲ ಪೆನ್ಸಿಲ್ಲಿನಲ್ಲಿ ಬರೆದು ಮುಗಿಸಿ, ಹೂವಿನ ಜಾಗವನ್ನು ಖಾಲಿ ಬಿಟ್ಟು, ಉಸಿರು ಬಿಗಿಹಿಡಿದು ಹೂವನ್ನೇ ನೋಡುತ್ತಿದ್ದಳು. ಅವಳು ಕೆಲಸ ಮಾಡುವುದನ್ನು ಇಷ್ಟು ವರ್ಷದಲ್ಲಿ ನಾನು ನೋಡಿದ್ದೇ ಮೊದಲು.

ನನ್ನ ಪಕ್ಕದಲ್ಲಿದ್ದ ಗಿಡದ ಗೆಣ್ಣಿನಲ್ಲಿ ಒಂದು ಪುಟ್ಟ ಮರಿ ಮೂಡಿತ್ತು. ಎರಡೇ ಎಲೆ, ನೂಲಿನಂಥ ಬೇರು. ಹೊರಡುವಾಗ ನೀನು "ಬರೋವಾಗ ಏನಾದ್ರೂ ಒಂದು ಕಡ್ಡಿ ಮುರ್ಕೊಂಡು ಬನ್ನಿ ರೀ" ಎಂದಿದ್ದೆ. ನೀನು ಹೇಳಿದ್ದಕ್ಕೇ ಮಾಡಿದೆ ಎಂದು ನಿನ್ನ ತಲೆಗೆ ಕಟ್ಟುತ್ತಿಲ್ಲ. ಗಿಡ ಮುಟ್ಟಬಾರದೆಂದು ಬರೆದ ಹಲಗೆ ನನ್ನ ಮೂಗಿನ ಮುಂದೆಯೇ ಇತ್ತು. ಇಷ್ಟೊಂದರಲ್ಲಿ ಒಂದು ಹೋದರೆ ಯಾರಿಗೆ ತಿಳಿಯುತ್ತದೆ ಎನಿಸಿತು. ಬೆರಳಿನಿಂದ ಒತ್ತಿದೆ, ಬೀನ್ಸ್ ಮುರಿದ ಹಾಗೆ ಲಟಕ್ಕೆಂದಿತು. ಪ್ಯಾಂಟಿನ ಜೇಬಿಗೆ ಸೇರಿಸಿದೆ. ಟಿಕೆಟ್ ಇಲ್ಲದವರನ್ನು ಹಿಡಿಯುತ್ತಾ ಜೀವಮಾನ ಕಳೆದವನು ನಾನು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಸ್ವಲ್ಪ ಹೊತ್ತಿಗೆ ಆ ಮೇಡಂ ಬಂದು ಆ ಗಿಡದ ಮುಂದೆ ನಿಂತರು. ಮುರಿದ ಜಾಗ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. "ಇಲ್ಲೊಂದು ಮರಿ ಇತ್ತಲ್ಲ, ಏನಾಯ್ತು?" ಎಂದರು. ದನಿ ಏರಿಸಲೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಸೊಸೆ ಅದನ್ನು ನೋಡಿದಳು. ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯಬೇಕಿತ್ತು. ಅಷ್ಟರಲ್ಲಿ ಅವಳು ಪೆನ್ಸಿಲ್ ಡಬ್ಬಿಯನ್ನು ಕೆಳಗೆ ಬೀಳಿಸಿ, ಹೆಕ್ಕುವ ಹಾಗೆ ಬಗ್ಗಿ, ಸ್ಟೂಲಿನ ಹಿಂದಿನಿಂದ ನನ್ನತ್ತ ಅಂಗೈ ಚಾಚಿದಳು.

ನಾನು ಕೊಟ್ಟೆ. ಕೊಟ್ಟೆ ಕಣೇ. ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿ ಇಟ್ಟುಬಿಟ್ಟೆ. ಮುರಿದದ್ದಕ್ಕಿಂತ ಇದನ್ನು ನೆನೆದರೆ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತದೆ. ಅವಳು ಎದ್ದು ನಿಂತು, ಮರಿಯನ್ನು ಮೇಡಂ ಮುಂದೆ ಹಿಡಿದು, "ನನ್ನ ಮೊಣಕೈ ತಾಗಿ ಮುರೀತು ಮೇಡಂ. ಹೇಳೋಕೆ ಭಯ ಆಯ್ತು. ತಪ್ಪಾಯ್ತು" ಎಂದಳು. "ತಾಗಿ ಮುರಿದದ್ದು ಹೀಗಿರಲ್ಲ ಕಣಮ್ಮ" ಎಂದು ಅವರು ಆ ಮರಿಯನ್ನು ತಿರುಗಿಸಿ ನೋಡಿದರು. ನಂಬಿ ಒಳಗೆ ಬಿಟ್ಟರೆ ಹೀಗಾ, ಓದಿದವರೇ ಹೀಗೆ ಮಾಡಿದರೆ ಇನ್ನು ಯಾರಿಗೆ ಹೇಳೋದು, ನಿಮ್ಮ ಪುಸ್ತಕದವರಿಗೆ ತಿಳಿಸುತ್ತೇನೆ ಎಂದೆಲ್ಲ ಅಂದರು. ಕಿಟಕಿಯಾಚೆ ಜನ ನಿಂತು ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ ಬಣ್ಣ, ಕುಂಚ, ಅರ್ಧ ಚಿತ್ರ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಹೊರಗೆ ಬರುವಾಗ ಆ ಮೇಡಂ ನನ್ನತ್ತ ತಿರುಗಿ, "ಪಾಪ, ನಿಮಗೂ ಮುಜುಗರ ಆಯ್ತು ಯಜಮಾನರೇ" ಎಂದರು. ನಾನು ಏನು ಮಾಡಿದೆ ಎನ್ನುತ್ತೀಯ? ಪರವಾಗಿಲ್ಲ ಎಂಬಂತೆ ತಲೆ ಆಡಿಸಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ವಿಷಯ ತಿಳಿದು ಮಗ ಅವಳ ಮೇಲೆ ಹರಿಹಾಯ್ದ. ಊಟದ ಮೇಜಿನಲ್ಲಿ, ಬಡಿಸುವವನು ಪಕ್ಕದಲ್ಲೇ ನಿಂತಿರುವಾಗ, "ನಿನ್ನ ಕೆಲಸಕ್ಕೆ ಅಂತ ಎಲ್ಲರೂ ಇಲ್ಲಿಗೆ ಬಂದ್ವಿ. ಒಂಚೂರು ಜಾಗ್ರತೆ ಬೇಡ್ವಾ? ಅಪ್ಪನ ಮುಂದೆ ಮರ್ಯಾದೆ ಕಳೆದೆ" ಎಂದ. ಅಪ್ಪನ ಮುಂದೆ! ಅವಳು ನನ್ನ ತಟ್ಟೆ ನೋಡಿ, "ಮಾವ, ಏನೂ ತಿಂದೇ ಇಲ್ಲ, ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದಳು. ಹಾಕಿದಳು, ತಿಂದೆ. ಅವಳ ಮುಖದಲ್ಲಿ ಸಿಟ್ಟಿದೆಯೇ ಎಂದು ಕದ್ದು ಕದ್ದು ನೋಡಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಯಾಸದ ಹೊರತು ಏನೂ ಕಾಣಲಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ನಾನಾ ಕತೆ ಕಟ್ಟುವುದನ್ನು ಕೇಳಿ ಮನೆಗೆ ಬಂದು ನಿನ್ನ ಮುಂದೆ ಅಣಕಿಸಿ ನಗಿಸುತ್ತಿದ್ದೆನಲ್ಲ. ಅವರು ಪಾಪ ಸುಳ್ಳನ್ನಾದರೂ ತಮ್ಮ ಬಾಯಿಂದಲೇ ಹೇಳುತ್ತಿದ್ದರು. ನನ್ನ ಸುಳ್ಳನ್ನೂ ಅವಳೇ ಹೇಳಬೇಕಾಯಿತು.

ಮಗನಿಗೆ ಹೇಳಬೇಕು ಎಂದು ಬೆಳಿಗ್ಗೆಯಿಂದ ಅವರ ಕೋಣೆಯ ಬಾಗಿಲ ತನಕ ಹೋಗಿ ಹೋಗಿ ಬರುತ್ತಿದ್ದೇನೆ. ತಟ್ಟಲು ಕೈ ಏಳುತ್ತಿಲ್ಲ. ಮಗನ ಕಣ್ಣಲ್ಲಿ ಸಣ್ಣವನಾಗುವ ಭಯ, ಈ ವಯಸ್ಸಿನಲ್ಲಿ. ನಿನಗೆ ಬರೆದರೆ ಧೈರ್ಯ ಬರಬಹುದು ಎಂದು ಕೂತೆ. ಬಂದಿದೆಯೋ ಇಲ್ಲವೋ ಗೊತ್ತಿಲ್ಲ, ಇನ್ನೊಮ್ಮೆ ಆ ಬಾಗಿಲ ತನಕ ಹೋಗಿ ನೋಡುತ್ತೇನೆ.

ಪಕ್ಕದ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು. ರಾತ್ರಿ ಬಾಗಿಲಿನ ಮೇಲಿನ ಚಿಲಕ ಹಾಕುವುದನ್ನು ಮರೆಯಬೇಡ. ಕಾಲ ಕಾಲಕ್ಕೆ ನಿನ್ನ ಊಟ, ನಿದ್ದೆ ಸರಿಯಾಗಿರಲಿ, ನೂರು ಕಾಲ ಗಟ್ಟಿಯಾಗಿರು.

ಇಂತಿ,
ತಲೆ ತಗ್ಗಿಸಿ ಕೂತಿರುವ
ನಿನ್ನ ಮನೆಯವನು

ಮರೆತ ಮಾತು: ಸಂಜೆಯಾಗಿದೆ, ಅಂಚೆ ಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಕೂತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಹೇಳಿಬಿಟ್ಟೆ. ಮಗ ಟೀ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ, ಚಪ್ಪಲಿ ಮೆಟ್ಟಿಕೊಂಡು "ನಡೀರಿ" ಎಂದ. ಮೂವರೂ ತೋಟಕ್ಕೆ ಹೋದೆವು. ಆ ಮೇಡಂ ನನ್ನ ಮಾತು ಪೂರ್ತಿ ಕೇಳಿ, "ನಿಮ್ಮ ಸೊಸೆಯನ್ನು ಒಳಗೆ ಬಿಡ್ತೀನಿ. ನಿಮ್ಮನ್ನು ಮಾತ್ರ ಇನ್ನು ಈ ಬಾಗಿಲು ದಾಟೋಕೆ ಬಿಡಲ್ಲ" ಎಂದರು. ಸರಿಯಾಗೇ ಹೇಳಿದರು. ಮಗ ಅವಳ ಕ್ಷಮೆ ಕೇಳಲು ಹೋದ, "ಮೊದಲು ಈ ಸ್ಟೂಲ್ ಹಿಡ್ಕೋ" ಎಂದು ಅವನ ಕೈಗೆ ಕೊಟ್ಟಳು. ಹೂವಿನ ಒಂದು ಎಸಳು ಆಗಲೇ ಕಂದಿತ್ತಂತೆ, ಕಂದಿದ ಹಾಗೇ ಬರೆದಳಂತೆ. ಬರುವಾಗ ನಾನು ಕೇಳಿದೆ, ನಿನ್ನ ಮೇಲೇಕೆ ಹಾಕಿಕೊಂಡೆಯಮ್ಮಾ ಎಂದು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ನೀವು ನಡುಗ್ತಿದ್ರಿ ಮಾವ. ಬೈಸ್ಕೊಂಡು ನನಗೆ ಅಭ್ಯಾಸ ಇದೆ, ನಿಮಗಿಲ್ಲ." ಚುಚ್ಚಿ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಆ ಅಭ್ಯಾಸ ಅವಳಿಗೆ ಯಾರ ಮನೆಯಲ್ಲಿ ಆಯಿತೆಂದು ನಿನಗೂ ಗೊತ್ತು, ನನಗೂ ಗೊತ್ತು. ಇದನ್ನೆಲ್ಲ ಅತ್ತೆಗೆ ಬರೆಯಬೇಡಿ ಎಂದಳು, ನಾನು ಕೇಳುತ್ತಿಲ್ಲ. ಓದಿ ಮುಗಿಸಿದ ಮೇಲೆ ಫೋನ್ ಮಾಡುವುದಿದ್ದರೆ ನನಗೆ ಮಾಡಬೇಡ, ಅವಳಿಗೆ ಮಾಡು.